ನಿಮಗಿದು ಗೊತ್ತೇ? ಸಿಡಿ ತಿನ್ನುವ ಬೂಷ್ಟು, ಸಾವಿರ ಕೋಟಿ ವರ್ಷ ಬಾಳುವ ಗಾಜು!

ಅಟ್ಟದ ಮೇಲೆ ಹಳೇ ಸಿಡಿಗಳ ಡಬ್ಬಿ ಇದೆಯೇ? ಎಸೆಯುವ ಮುಂಚೆ ಒಂದನ್ನು ಕೈಗೆತ್ತಿಕೊಳ್ಳಿ. ಆ ಹೊಳೆಯುವ ಮೈಯಲ್ಲಿ ಇರುವುದು ಒಂದೇ ಒಂದು ಗೆರೆ. ಸುರುಳಿ ಸುರುಳಿಯಾಗಿ ಸುತ್ತಿಕೊಂಡಿದೆ. ಅದನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ ಎಷ್ಟಾದೀತು ಹೇಳಿ? ಐದು ಕಿಲೋಮೀಟರಿಗೂ ಹೆಚ್ಚು! ಒಂದು ಮಿಲಿಮೀಟರ್ ಅಗಲದೊಳಗೆ ಆ ಗೆರೆಯ ಆರು ನೂರಕ್ಕೂ ಹೆಚ್ಚು ಸುತ್ತುಗಳು ಒತ್ತೊತ್ತಾಗಿ ಕುಳಿತಿವೆ.

ಸಿಡಿಯ ಮೇಲೆ ಕಾಮನಬಿಲ್ಲು ಕಾಣುತ್ತದಲ್ಲ, ಅಲ್ಲಿ ಯಾರೂ ಬಣ್ಣ ಬಳಿದಿಲ್ಲ! ಸುತ್ತಿಂದ ಸುತ್ತಿಗೆ ಇರುವ ಅಂತರ ಬರೀ 1.6 ಮೈಕ್ರಾನ್. ಅಷ್ಟು ಕಿರಿದಾದ ಸಾಲುಗಳಿಗೆ ತಗುಲಿದ ಬಿಳಿ ಬೆಳಕು ಏಳು ಬಣ್ಣವಾಗಿ ಬಿಡಿಸಿಕೊಳ್ಳುತ್ತದೆ. ಒಂದು ರಟ್ಟಿನ ಡಬ್ಬಿ, ಅದಕ್ಕೊಂದು ಸಣ್ಣ ಸೀಳು, ಒಳಗೊಂದು ಸಿಡಿ ಚೂರು. ಇಷ್ಟಿದ್ದರೆ ಎಲ್‌ಇಡಿ ಬಲ್ಬಿನ ಬೆಳಕಿಗೂ ಸೂರ್ಯನ ಬೆಳಕಿಗೂ ಏನು ವ್ಯತ್ಯಾಸ ಎಂದು ಶಾಲೆಯ ಮಕ್ಕಳೇ ನೋಡಿಬಿಡಬಹುದು!

ಗ್ರಾಮಫೋನ್ ತಟ್ಟೆ ಅಂಚಿನಿಂದ ಶುರುವಾಗಿ ಒಳಕ್ಕೆ ಹೋಗುತ್ತದೆ. ಸಿಡಿ ತದ್ವಿರುದ್ಧ! ಕಾವಲಿ ಮೇಲೆ ದೋಸೆ ಹಿಟ್ಟು ಹರಡುವ ಹಾಗೆ ನಡುವಿನಿಂದ ಶುರು, ಅಂಚಿನಲ್ಲಿ ಮುಕ್ತಾಯ. ಇನ್ನೂ ಒಂದು ತಮಾಷೆ ಇದೆ. ಅದು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಮೊದಲ ಹಾಡಿಗೆ ನಿಮಿಷಕ್ಕೆ ಸುಮಾರು 500 ಸುತ್ತು. ಕೊನೆಯ ಹಾಡಿನ ಹೊತ್ತಿಗೆ ಸುಮಾರು 200 ಸುತ್ತು. ಹಾಡು ಕೇಳುತ್ತ ಕುಳಿತ ನಮಗೆ ಇದರ ಸುಳಿವೇ ಇಲ್ಲ!

ಹೊಳೆಯುವ ಬದಿಗೆ ಗೀರು ಬಿದ್ದರೆ ಎದೆ ಧಸಕ್ಕೆನ್ನುತ್ತದೆ, ಅಲ್ಲವೇ? ಭಯಪಡಬೇಕಾದದ್ದು ಇನ್ನೊಂದು ಬದಿಗೆ! ಹಾಡು ಕೂತಿರುವುದು ಹೆಸರು ಅಚ್ಚಾದ ಬದಿಯ ಕೆಳಗೇ. ಅಲ್ಲಿ ಅದಕ್ಕಿರುವ ಕಾವಲು ತೆಳ್ಳನೆಯ ಅರಗಿನ ಪದರ, ಅಷ್ಟೆ. ಹೊಳೆಯುವ ಬದಿಗಾದರೋ ಒಂದು ಮಿಲಿಮೀಟರಿಗೂ ಮಿಕ್ಕಿದ ಗಟ್ಟಿ ಪ್ಲಾಸ್ಟಿಕ್ ರಕ್ಷಣೆ. ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದಿರೋ, ಹಾಡಿಗೆ ಕುತ್ತು!

ಹಾಗಾದರೆ ಗೀರು ಬಿದ್ದರೂ ಸಿಡಿ ಹಾಡುವುದು ಹೇಗೆ? ಗಣಿತದ ದಯೆ! 1960ರಲ್ಲಿ ಅರ್ವಿಂಗ್ ರೀಡ್, ಗುಸ್ಟಾವ್ ಸಾಲೊಮನ್ ಎಂಬ ಇಬ್ಬರು ಅಮೆರಿಕನ್ನರು ಒಂದು ಲೆಕ್ಕ ಹೊಸೆದರು. ಮಾಹಿತಿಯ ಕೆಲವು ಚೂರು ಕಳೆದುಹೋದರೂ ಉಳಿದ ಚೂರುಗಳಿಂದಲೇ ಅದನ್ನು ಮತ್ತೆ ಕಟ್ಟಿಕೊಳ್ಳುವ ಲೆಕ್ಕ. ಎರಡೂವರೆ ಮಿಲಿಮೀಟರಿನಷ್ಟು ಗೆರೆ ಅಳಿಸಿಹೋದರೂ ಸಿಡಿ ಅದನ್ನು ಸರಿಮಾಡಿಕೊಂಡು ಹಾಡುತ್ತದೆ. ಈಗ ಕೇಳಿ: ತರಕಾರಿ ಗಾಡಿಯ ಮೇಲೆ ಅಂಟಿಸಿರುವ ಮಾಸಲು ಕ್ಯೂಆರ್ ಚೀಟಿ ಮೂಲೆ ಹರಿದರೂ ಕೆಲಸ ಮಾಡುತ್ತದಲ್ಲ? ಅದರೊಳಗೂ ಇದೇ ಲೆಕ್ಕ!

ಸಿಡಿಯ ನಡುವಿನ ತೂತಿನ ಅಳತೆ 15 ಮಿಲಿಮೀಟರ್. ಎಲ್ಲಿಂದ ಬಂತು ಈ ಅಳತೆ? ನೆದರ್ಲೆಂಡ್ಸ್‌ನ ಹತ್ತು ಸೆಂಟಿನ ಪುಟಾಣಿ ನಾಣ್ಯದಿಂದ ಎನ್ನುತ್ತಾರೆ! ಸೋನಿಯ ಜೊತೆ ಸೇರಿ ಸಿಡಿ ರೂಪಿಸಿದ ಫಿಲಿಪ್ಸ್ ಕಂಪನಿ ಅದೇ ದೇಶದ್ದು ತಾನೇ.

ಮತ್ತೆ ಸಿಡಿ ಹಾಡುವ 74 ನಿಮಿಷ ಎಲ್ಲಿಂದ ಬಂತು? ಬೀಥೋವನ್‌ನ ಒಂಬತ್ತನೇ ಸಿಂಫನಿ ಪೂರ್ತಿ ಹಿಡಿಸಬೇಕೆಂದು ಸೋನಿಯವರು ಹಟ ಹಿಡಿದರಂತೆ. ಕತೆ ಬಲು ಚೆಂದ! ಆದರೆ ಆ ತಂಡದಲ್ಲಿದ್ದ ಫಿಲಿಪ್ಸ್‌ನ ಎಂಜಿನಿಯರ್ ಕೀಸ್ ಇಮ್ಮಿಂಕ್ ಇದನ್ನು ಪೂರ್ತಿ ಒಪ್ಪುವುದಿಲ್ಲ. ಅವರು ಹೇಳುವ ಕಾರಣ ವ್ಯಾಪಾರದ್ದು. ಫಿಲಿಪ್ಸ್ ಬಳಗದ ಕಾರ್ಖಾನೆ 11.5 ಸೆಂಟಿಮೀಟರಿನ ತಟ್ಟೆಗೆ ತಯಾರಾಗಿ ಕುಳಿತಿತ್ತು. ಅಳತೆ 12 ಸೆಂಟಿಮೀಟರ್ ಆಗಿಬಿಟ್ಟರೆ ಸೋನಿಯ ಎದುರು ಅದಕ್ಕಿದ್ದ ಮುನ್ನಡೆ ಹೋಯಿತು! ಬೀಥೋವನ್‌ಗಿಂತ ಈ ಕತೆಯೇ ನನಗೆ ಹೆಚ್ಚು ನಂಬುವಂತೆ ಕಾಣುತ್ತದೆ.

1982ರ ಆಗಸ್ಟ್ 17. ಜರ್ಮನಿಯ ಹ್ಯಾನೋವರ್ ಪಕ್ಕದ ಕಾರ್ಖಾನೆಯಲ್ಲಿ ಮೊದಲ ಸಿಡಿ ಅಚ್ಚಾಯಿತು. ಯಾರ ಹಾಡು? ಸ್ವೀಡನ್‌ನ ಆಬಾ ತಂಡದ್ದು! ಆ ಅಕ್ಟೋಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಸೋನಿಯ ಮೊದಲ ಸಿಡಿ ಪ್ಲೇಯರ್ ಬಂತು.

ಅಮೆರಿಕದಲ್ಲಿ 2000ನೇ ಇಸವಿ ಒಂದರಲ್ಲೇ ಮಾರಾಟವಾದ ಸಂಗೀತದ ಸಿಡಿ ಎಷ್ಟು ಗೊತ್ತೇ? ತೊಂಬತ್ತನಾಲ್ಕು ಕೋಟಿಗೂ ಹೆಚ್ಚು!

ಇದು ಮಾರಿದ ಲೆಕ್ಕ. ಬಿಟ್ಟಿ ಹಂಚಿದ್ದು ಬೇರೆ! ಇಂಟರ್‌ನೆಟ್ ಸಂಪರ್ಕ ಕೊಡುತ್ತಿದ್ದ ಎಒಎಲ್ ಕಂಪನಿ ತನ್ನ ಸಿಡಿಗಳನ್ನು ಅಂಚೆಯಲ್ಲಿ, ಪತ್ರಿಕೆಗಳ ಜೊತೆ, ಕಂಡ ಕಂಡಲ್ಲಿ ಹಂಚಿತು. ಒಂದು ಕಾಲಕ್ಕೆ ಜಗತ್ತಿನಲ್ಲಿ ತಯಾರಾಗುತ್ತಿದ್ದ ಸಿಡಿಗಳಲ್ಲಿ ಅರ್ಧದ ಮೇಲೆ ನಮ್ಮದೇ ಮುದ್ರೆ ಇತ್ತು ಎಂದು ಆ ಕಂಪನಿಯ ಮಾರುಕಟ್ಟೆ ಮುಖ್ಯಸ್ಥೆ ಹೇಳಿಕೊಂಡಿದ್ದರು!

2002ರಲ್ಲಿ ಸಿಡಿ ಕಳ್ಳನಕಲು ತಡೆಯಲು ಕಂಪನಿಗಳು ಭಾರೀ ಬೀಗ ಹಾಕಿದವು. ಹಾಡನ್ನು ಕಂಪ್ಯೂಟರ್ ಓದದಂತೆ ತಟ್ಟೆಯ ಹೊರ ಅಂಚಿನಲ್ಲಿ ದಿಕ್ಕು ತಪ್ಪಿಸುವ ಮಾಹಿತಿ ತುಂಬಿದರು. ಬೀಗ ಒಡೆದದ್ದು ಯಾವುದು ಗೊತ್ತೇ? ಒಂದು ಮಾರ್ಕರ್ ಪೆನ್! ಅಂಚಿನ ಮೇಲೆ ಗೆರೆ ಎಳೆದರೆ ಸಾಕು, ಸಿಡಿ ಓದುವ ಲೇಸರ್‌ಗೆ ಆ ಭಾಗ ಕಾಣುವುದೇ ಇಲ್ಲ. ಕೋಟಿಗಟ್ಟಲೆ ಹಣದ ಬೀಗಕ್ಕೆ ಸ್ಟೇಷನರಿ ಅಂಗಡಿಯ ಬೀಗದಕೈ!

ತಾನಾಗಿ ಸಾಯುವ ಡಿವಿಡಿಯೂ ಇತ್ತು! 2003ರಲ್ಲಿ ಡಿಸ್ನಿಯವರು ಮಾರಾಟಕ್ಕೆ ಬಿಟ್ಟು ನೋಡಿದರು. ಪೊಟ್ಟಣ ಒಡೆದೊಡನೆ ಗಾಳಿಯ ಆಮ್ಲಜನಕ ತಗುಲಿ ತಟ್ಟೆ ಕಪ್ಪಾಗತೊಡಗುತ್ತದೆ. 48 ಗಂಟೆ ಕಳೆದರೆ ಲೇಸರ್ ಅದರೊಳಗೆ ಹಾಯುವುದಿಲ್ಲ. ಬಾಡಿಗೆ ಡಿವಿಡಿ ವಾಪಸ್ ಕೊಡುವ ತಾಪತ್ರಯ ತಪ್ಪಲಿ ಎಂಬ ಉಪಾಯವಂತೆ. ಜನ ಕೊಳ್ಳಲಿಲ್ಲ. ಯಾಕೆ ಕೊಂಡಾರು!

ಕಂಪ್ಯೂಟರಿನ ಸಿಡಿ ಡ್ರೈವ್ ಮೇಲೆ '52 ಎಕ್ಸ್' ಎಂದು ಬರೆದಿರುತ್ತಿತ್ತು. ಆ ವೇಗದಲ್ಲಿ ತಟ್ಟೆ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಸಣ್ಣ ಬಿರುಕಿದ್ದ ಸಿಡಿ ಒಳಗೇ ಢಮಾರ್! ಚೂರು ಚೂರು! ಡ್ರೈವ್‌ಗಳ ವೇಗ ಹೆಚ್ಚುಕಡಿಮೆ ಅಲ್ಲಿಗೇ ನಿಂತುಹೋಯಿತು.

ಸಿಡಿ ತಿನ್ನುವ ಬೂಷ್ಟಿನ ಮಾತಿಗೆ ಬರೋಣ. ಮಧ್ಯ ಅಮೆರಿಕದಲ್ಲಿ ಬೆಲೀಝ್ ಎಂಬ ಪುಟ್ಟ ದೇಶವಿದೆ. ಬಿಸಿ, ತೇವ, ಸೆಕೆ. ಅಲ್ಲಿಂದ ಬಂದ ಒಂದು ಸಿಡಿಯ ಮೇಲೆ ಏನೋ ಹರಿದಾಡಿದಂಥ ಗುರುತು. ಸ್ಪೇನ್‌ನ ಮ್ಯಾಡ್ರಿಡ್ ವಸ್ತುಸಂಗ್ರಹಾಲಯದ ವಿಜ್ಞಾನಿ ಹವಿಯೆರ್ ಗಾರ್ಸಿಯಾ-ಗಿನೆಯಾ ಸೂಕ್ಷ್ಮದರ್ಶಕದಲ್ಲಿ ಇಣುಕಿದರು. ಬೂಷ್ಟು! ಅಂಚಿನಿಂದ ಒಳನುಗ್ಗಿ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಮ್ಮನ್ನೂ ಮೇಯುತ್ತಿತ್ತು. ಹೋದ ದಾರಿಯಲ್ಲಿ ಹಾಡನ್ನು ಹಿಡಿದಿಟ್ಟ ಸಣ್ಣ ಗುಳಿಗಳೆಲ್ಲ ಮಾಯ. ಜಿಯೊಟ್ರೈಕಮ್ ಜಾತಿಯ ಬೂಷ್ಟು ಎಂದು 2001ರಲ್ಲಿ ವರದಿ ಬಂತು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹತ್ತುವುದನ್ನು ಕಂಡವರು ಕೊಂಚ ಎಚ್ಚರ!

ಬೂಷ್ಟಿಲ್ಲದೆಯೂ ಸಿಡಿ ಕೊಳೆಯುತ್ತದೆ! ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಕಾರ್ಖಾನೆಯೊಂದರಲ್ಲಿ 1988ರಿಂದ 1993ರ ನಡುವೆ ಅಚ್ಚಾದ ಎಷ್ಟೋ ಸಿಡಿಗಳು ನಿಧಾನಕ್ಕೆ ಕಂಚಿನ ಬಣ್ಣಕ್ಕೆ ತಿರುಗಿದವು. ಸಿಡಿಯ ಜೊತೆ ಇಟ್ಟ ಪುಸ್ತಿಕೆ ಇದೆಯಲ್ಲ, ಆ ಕಾಗದದ ಗಂಧಕ ತಟ್ಟೆಯೊಳಗಿನ ಬೆಳ್ಳಿಯನ್ನು ಕಪ್ಪಿಡಿಸಿತ್ತು! ಹಾಡಿನ ಸಾಲು ಬರೆದ ಪುಸ್ತಿಕೆಯೇ ಹಾಡಿಗೆ ವಿಷ!

ವಿಸಿಡಿ ನೆನಪಿದೆಯೇ? ಒಂದು ಸಿನಿಮಾಕ್ಕೆ ಎರಡು ತಟ್ಟೆ, ಕೆಲವೊಮ್ಮೆ ಮೂರು. ಕತೆ ಬಿಸಿಯೇರುವ ಹೊತ್ತಿಗೆ ಎದ್ದು ತಟ್ಟೆ ಬದಲಿಸಬೇಕು. ನಮ್ಮಲ್ಲಿ, ಚೀನಾದಲ್ಲಿ, ಏಷ್ಯಾದ ಎಷ್ಟೋ ಕಡೆ ಮನೆಮಾತಾಗಿದ್ದ ಇದು ಅಮೆರಿಕದಲ್ಲಿ ತಳವೂರಲೇ ಇಲ್ಲ!

ಆ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿ ಮಾರುಕಟ್ಟೆಯನ್ನೇ ಅಲುಗಿಸಿದ್ದು ನೊಯ್ಡಾದ ಮೋಸರ್ ಬೇರ್. ಖಾಲಿ ಸಿಡಿ ತಯಾರಿಕೆಯಲ್ಲಿ ಜಗತ್ತಿನ ದೊಡ್ಡ ಹೆಸರು. ಬರ್ಮಾ ಬಜಾರಿನ ಕಳ್ಳ ಡಿವಿಡಿಗೇ ಸಡ್ಡು ಹೊಡೆಯುವ ಬೆಲೆ! 2018ರಲ್ಲಿ ಅದೇ ಕಂಪನಿ ಮುಚ್ಚುವಂತೆ ಆದೇಶ ಬಂತು. ಕೆಲವೇ ವರ್ಷದಲ್ಲಿ ಏನೆಲ್ಲ!

ನಮ್ಮ ರಾಜಕಾರಣಿಗಳೂ ಕಾಲಕ್ಕೆ ತಕ್ಕಂತೆ ಬದಲಾಗಿದ್ದಾರೆ, ಗಮನಿಸಿದ್ದೀರಾ? ಹಿಂದೆ 'ನನ್ನ ಹತ್ತಿರ ಸಿಡಿ ಇದೆ' ಎಂದು ಹೆದರಿಸುತ್ತಿದ್ದರು. ಈಗ ಜೇಬಿನಿಂದ ಪೆನ್‌ಡ್ರೈವ್ ತೆಗೆಯುತ್ತಾರೆ!

ಹೊಲದಲ್ಲಿ ಮಾತ್ರ ಸಿಡಿಗೆ ಇನ್ನೂ ಕೆಲಸವಿದೆ. ದಾರಕ್ಕೆ ಕಟ್ಟಿ ನೇತುಹಾಕಿದರೆ ಗಾಳಿಗೆ ತಿರುಗಿ ಫಳಫಳ ಹೊಳೆಯುತ್ತದೆ, ಹಕ್ಕಿಗಳು ಬೆದರುತ್ತವೆ. ಸ್ವಲ್ಪ ದಿನ ಮಾತ್ರ! ಆಮೇಲೆ ಹಕ್ಕಿಗಳಿಗೂ ಅಭ್ಯಾಸವಾಗಿಬಿಡುತ್ತದೆ.

ಸಿಡಿ, ಡಿವಿಡಿ, ಬ್ಲೂ-ರೇ ಮೂರಕ್ಕೂ ಅಳತೆ ಒಂದೇ, 12 ಸೆಂಟಿಮೀಟರ್. ಹಿಡಿಸುವುದು ಮಾತ್ರ 700 ಎಂಬಿ, 4.7 ಜಿಬಿ, 25 ಜಿಬಿ. ಗುಟ್ಟೇನು? ಬೆಳಕಿನ ಬಣ್ಣ! ಸಿಡಿ ಓದುವ ಬೆಳಕು ನಮ್ಮ ಕಣ್ಣಿಗೆ ಕಾಣದಷ್ಟು ಕೆಂಪಿನಾಚೆ, 780 ನ್ಯಾನೋಮೀಟರ್. ಡಿವಿಡಿಯದು ಕೆಂಪು, 650. ಬ್ಲೂ-ರೇಯದು ನೇರಳೆ ಕಡೆಗೆ ವಾಲಿದ ನೀಲಿ, 405. ಅಲೆ ಕಿರಿದಾದಷ್ಟೂ ಲೇಸರ್‌ನ ಮೊನೆ ಚೂಪು, ಬರಹ ಚಿಕ್ಕದು!

ಆ ನೀಲಿ ಬೆಳಕು ಸುಮ್ಮನೆ ಸಿಕ್ಕಿದ್ದಲ್ಲ. ನೀಲಿ ಎಲ್‌ಇಡಿ ಮಾಡಿ ತೋರಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೂ 2014ರ ನೊಬೆಲ್ ಬಂತು. ಅದೇ ದಾರಿಯಲ್ಲಿ ಮುಂದೆ ನಡೆದು ನೀಲಿ ಲೇಸರ್ ಹೊರತಂದವರು ನಕಾಮುರಾ. ನಿಮ್ಮ ಹಜಾರದ ಬಿಳಿ ಎಲ್‌ಇಡಿ ದೀಪವೂ ಬ್ಲೂ-ರೇಯೂ ದಾಯಾದಿಗಳು!

ಬ್ಲೂ-ರೇಗೆ ಒಬ್ಬ ಎದುರಾಳಿ ಇದ್ದ. ತೋಷಿಬಾದ ಎಚ್‌ಡಿ-ಡಿವಿಡಿ. ಎರಡೇ ವರ್ಷದ ಕಾಳಗ. 2008ರ ಫೆಬ್ರವರಿಯಲ್ಲಿ ತೋಷಿಬಾ ಕೈಚೆಲ್ಲಿತು. ಗೆದ್ದವನಿಗೆ ಕಾದಿತ್ತು ಇನ್ನೊಂದು ಪೆಟ್ಟು: ಜನ ತಟ್ಟೆ ಕೊಳ್ಳುವುದನ್ನೇ ಬಿಡತೊಡಗಿದ್ದರು!

ಆ ಪೆಟ್ಟು ಕೊಟ್ಟವರು ಯಾರು? ತಟ್ಟೆಯಿಂದಲೇ ಬೆಳೆದ ನೆಟ್‌ಫ್ಲಿಕ್ಸ್! ಶುರುವಿನ ಕತೆ ಕೇಳಿ. ಮಾರ್ಕ್ ರ‍್ಯಾಂಡಾಲ್ಫ್ ಮತ್ತು ರೀಡ್ ಹೇಸ್ಟಿಂಗ್ಸ್‌ಗೆ ಅಂಚೆಯಲ್ಲಿ ಡಿವಿಡಿ ಕಳಿಸುವ ಯೋಚನೆ ಬಂತು. ಪರೀಕ್ಷೆ ಮಾಡೋಣವೆಂದರೆ ಊರಲ್ಲಿ ಡಿವಿಡಿಯೇ ಸಿಗಲಿಲ್ಲ. ಪ್ಯಾಟ್ಸಿ ಕ್ಲೈನ್ ಎಂಬ ಗಾಯಕಿಯ ಹಳೇ ಸಿಡಿ ಕೊಂಡು, ಶುಭಾಶಯ ಪತ್ರದ ಲಕೋಟೆಗೆ ತುರುಕಿ, ಹೇಸ್ಟಿಂಗ್ಸ್ ಮನೆಗೇ ಅಂಚೆ ಹಾಕಿದರು. ಮುರಿಯದೆ ಬಂದು ತಲುಪಿತು! ಅಷ್ಟೇ, ಕಂಪನಿ ಹುಟ್ಟಿತು. ಅಂಚೆಯಣ್ಣನ ಕೈ ಒರಟಾಗಿದ್ದಿದ್ದರೆ ಏನಾಗುತ್ತಿತ್ತೋ!

1998ರಿಂದ 2023ರ ಸೆಪ್ಟೆಂಬರ್ 29ರವರೆಗೆ ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಕಳಿಸಿದ ತಟ್ಟೆಗಳು 520 ಕೋಟಿಗೂ ಹೆಚ್ಚು. ಕೊನೆಯ ಕಂತಿನಲ್ಲಿ ಹೋದವನ್ನು 'ವಾಪಸ್ ಬೇಡ, ನೀವೇ ಇಟ್ಟುಕೊಳ್ಳಿ' ಎಂದುಬಿಟ್ಟಿತು!

ಆಮೇಲೆ ಸುದ್ದಿಗಳು ಪಟಪಟನೆ ಬಂದವು. ಎಲ್‌ಜಿ 2024ರಲ್ಲಿ ಬ್ಲೂ-ರೇ ಪ್ಲೇಯರ್ ತಯಾರಿಕೆ ನಿಲ್ಲಿಸಿತು. ಅದೇ ವರ್ಷ ಬಂದ ಆಟದ ಯಂತ್ರ ಪ್ಲೇಸ್ಟೇಷನ್ 5 ಪ್ರೊ ಜೊತೆ ಡಿಸ್ಕ್ ಡ್ರೈವೇ ಇಲ್ಲ, ಬೇಕಿದ್ದರೆ ಬೇರೆ ದುಡ್ಡು! 2025ರ ಫೆಬ್ರವರಿಯಲ್ಲಿ ಸೋನಿ ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆಗೆ ತೆರೆ ಎಳೆಯಿತು. ಸಿಡಿಯನ್ನು ಹೆತ್ತವರೇ!

ಆದರೂ ಒಂದು ವಿಚಿತ್ರ ನೋಡಿ. 2022ರಲ್ಲಿ ಅಮೆರಿಕದಲ್ಲಿ ಸಿಡಿಗಿಂತ ಹೆಚ್ಚು ಮಾರಾಟವಾದದ್ದು ಗ್ರಾಮಫೋನ್ ಕಾಲದ ಆ ಕಪ್ಪು ವಿನೈಲ್ ತಟ್ಟೆ! ಸಿಡಿ 1980ರ ದಶಕದಲ್ಲಿ ಯಾರನ್ನು ಹೊರದಬ್ಬಿತ್ತೋ ಅವರೇ ತಿರುಗಿ ಬಂದು ಕೂತರು. ಇನ್ನೂ ಸೋಜಿಗವೆಂದರೆ, ಹೀಗೆ ವಿನೈಲ್ ಕೊಳ್ಳುವ ಅಮೆರಿಕನ್ನರಲ್ಲಿ ಸುಮಾರು ಅರ್ಧ ಮಂದಿಯ ಮನೆಯಲ್ಲಿ ಅದನ್ನು ನುಡಿಸುವ ಯಂತ್ರವೇ ಇಲ್ಲವೆಂದು 2023ರ ಸಮೀಕ್ಷೆಯೊಂದು ಹೇಳಿತು. ಮತ್ತೇಕೆ ಕೊಳ್ಳುತ್ತಾರೆ? ಗೋಡೆಗೆ ಚೆಂದ!

ಹಳತು ಸುಲಭಕ್ಕೆ ಸಾಯುವುದಿಲ್ಲ ಎನ್ನಲು ಫ್ಲಾಪಿಯೇ ಸಾಕ್ಷಿ. ಅಮೆರಿಕದ ಅಣ್ವಸ್ತ್ರ ಪಡೆಯ ಒಂದು ಕಂಪ್ಯೂಟರ್ ವ್ಯವಸ್ಥೆ 2019ರವರೆಗೂ ಎಂಟು ಇಂಚಿನ ಫ್ಲಾಪಿ ಬಳಸುತ್ತಿತ್ತು! ಸರ್ಕಾರಕ್ಕೆ ಅರ್ಜಿಗಳನ್ನು ಫ್ಲಾಪಿಯಲ್ಲೇ ಕೊಡಿ ಎನ್ನುವ ಸಾವಿರಕ್ಕೂ ಹೆಚ್ಚು ನಿಯಮಗಳನ್ನು ಜಪಾನ್ ಅಳಿಸಿ ಮುಗಿಸಿದ್ದು 2024ರಲ್ಲಿ. ರೋಬಾಟ್‌ಗಳ ನಾಡು ಸ್ವಾಮಿ!

1956ರಲ್ಲಿ ಐಬಿಎಂ ಮಾಡಿದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ ದೊಡ್ಡ ದೊಡ್ಡ 50 ತಟ್ಟೆಗಳಿದ್ದವು. ತೂಕ ಒಂದು ಟನ್‌ಗೂ ಮೇಲೆ. ಹಿಡಿಸುತ್ತಿದ್ದದ್ದು? ಐದು ಎಂಬಿಗಿಂತ ಹೆಚ್ಚಿಲ್ಲ. ಇವತ್ತಿನ ಒಂದು ಸಿನಿಮಾ ಹಾಡು!

2000ದಲ್ಲಿ ಬಂದ ಮೊದಲ ಪೆನ್‌ಡ್ರೈವ್‌ಗಳು 8 ಎಂಬಿಯವು. ಅದನ್ನು ಸಿಕ್ಕಿಸುವ ಯುಎಸ್‌ಬಿ ರೂಪಿಸಿದ ಇಂಟೆಲ್ ತಂಡದ ಮುಂದಾಳು ನಮ್ಮ ಬರೋಡಾದಿಂದ ಹೋದ ಅಜಯ್ ಭಟ್. ಒಂದೇ ಸಲಕ್ಕೆ ಸರಿಯಾಗಿ ಸಿಕ್ಕಿಕೊಳ್ಳದ ಆ ಯುಎಸ್‌ಬಿಯೇ!

ಮೊಬೈಲಿನ ಮೈಕ್ರೋ ಎಸ್‌ಡಿ ಕಾರ್ಡಿನ ಅಳತೆ 15 ಮಿಲಿಮೀಟರ್ ಉದ್ದ, 11 ಅಗಲ, ಒಂದು ದಪ್ಪ. ಸಿಡಿಯ ನಡುವಿನ ತೂತಿನಲ್ಲಿ ಆರಾಮಾಗಿ ತೂರಿಹೋಗುತ್ತದೆ. ಒಂದು ಟಿಬಿಯ ಕಾರ್ಡಾದರೆ 1,300ಕ್ಕೂ ಹೆಚ್ಚು ಸಿಡಿಗಳ ಸರಕು ಆ ತೂತಿನಲ್ಲಿ ಹಾದುಹೋದ ಹಾಗೆ!

ಹಿಗ್ಗಬೇಡಿ, ಒಂದು ಮಾತಿದೆ. ಇಂಥ ಕಾರ್ಡು, ಪೆನ್‌ಡ್ರೈವ್‌ಗಳಲ್ಲಿ ಫೋಟೊ ಉಳಿಯುವುದು ಸೆರೆ ಹಾಕಿದ ಎಲೆಕ್ಟ್ರಾನ್‌ಗಳ ರೂಪದಲ್ಲಿ. ವರ್ಷಗಟ್ಟಲೆ ಕರೆಂಟ್ ಮುಟ್ಟಿಸದೆ ಬೀರುವಿನಲ್ಲಿ ಇಟ್ಟರೆ ಅವು ಒಂದೊಂದಾಗಿ ಸೋರಿಹೋಗುತ್ತವೆ. ಸೆಕೆ ಹೆಚ್ಚಿದಷ್ಟೂ ಬೇಗ! ಮದುವೆ ಫೋಟೊ ಪೆನ್‌ಡ್ರೈವ್ ಒಂದರಲ್ಲೇ ಇದೆಯೇ? ಇವತ್ತೇ ಇನ್ನೊಂದು ಕಡೆ ನಕಲು ಮಾಡಿ, ಆಮೇಲೆ ಮುಂದಕ್ಕೆ ಓದಿ.

ಹಾಗಾದರೆ ದೊಡ್ಡ ದೊಡ್ಡ ಕಂಪನಿಗಳು ಎಲ್ಲಿಡುತ್ತವೆ? ಟೇಪಿನಲ್ಲಿ! ಹೌದು, ಕ್ಯಾಸೆಟ್ಟಿನ ಥರದ ಟೇಪು! 2011ರಲ್ಲಿ ಒಂದು ತಪ್ಪಿನಿಂದ ಸಾವಿರಾರು ಜನರ ಜಿಮೇಲ್ ಖಾಲಿಯಾಯಿತು. ಆನ್‌ಲೈನಿನ ಪ್ರತಿಗಳೂ ಕೆಟ್ಟಿದ್ದವು. ಕಾಪಾಡಿದ್ದು ಗೂಗಲ್‌ನ ಟೇಪುಗಳು. ಎಲ್‌ಟಿಒ ಎಂಬ ಟೇಪಿನ ಒಂಬತ್ತನೇ ಪೀಳಿಗೆಯ ಒಂದು ಡಬ್ಬಿಯಲ್ಲಿ ಒಂದು ಕಿಲೋಮೀಟರಿಗೂ ಉದ್ದದ ಟೇಪು, 18 ಟಿಬಿ ಜಾಗ!

ಫೇಸ್‌ಬುಕ್ 2014ರಲ್ಲಿ ಇನ್ನೂ ಮಜವಾದದ್ದನ್ನು ಮಾಡಿ ತೋರಿಸಿತು. ಒಂದು ಕಪಾಟಿನಲ್ಲಿ ಹತ್ತು ಸಾವಿರ ಬ್ಲೂ-ರೇ ತಟ್ಟೆ! ಯಾರೂ ನೋಡದ ಹಳೇ ಫೋಟೊಗಳನ್ನು ಅಲ್ಲಿಗೆ ಸಾಗಿಸುವುದು. ಬೇಕೆಂದಾಗ ರೋಬಾಟ್ ಕೈ ಬಂದು ತಟ್ಟೆ ತೆಗೆಯುತ್ತದೆ. ವಿದ್ಯುತ್ತಿನಲ್ಲಿ ಶೇ. 80 ಉಳಿತಾಯ ಎಂದು ಹೇಳಿಕೊಂಡಿತು. ನಾವು ತಟ್ಟೆ ಬಿಸಾಡಿ 'ಕ್ಲೌಡ್' ಎಂದೆವು, ಕ್ಲೌಡಿನವರು ತಟ್ಟೆ ಪೇರಿಸಿಟ್ಟರು!

ಕ್ಲೌಡನ್ನು ಕಡಲಿಗೂ ಇಳಿಸಿದ್ದಾರೆ! 2018ರಲ್ಲಿ ಮೈಕ್ರೋಸಾಫ್ಟ್ 864 ಸರ್ವರ್‌ಗಳನ್ನು ಒಂದು ಕೊಳವೆಯಲ್ಲಿ ತುಂಬಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಬಳಿ ಸಮುದ್ರದ ತಳಕ್ಕೆ ಬಿಟ್ಟಿತು. ಎರಡು ವರ್ಷದ ಮೇಲೆ ಎತ್ತಿ ನೋಡಿದರೆ, ನೆಲದ ಮೇಲಿನವು ಎಂಟು ಕೆಟ್ಟರೆ ಇಲ್ಲಿ ಕೆಟ್ಟದ್ದು ಒಂದರ ಲೆಕ್ಕ!

ದುಡ್ಡು ಕೊಟ್ಟು ಕೊಂಡ ಡಿಜಿಟಲ್ ಪುಸ್ತಕ ನಿಮ್ಮದೇ ಎಂದುಕೊಂಡಿದ್ದೀರಾ? 2009ರ ಜುಲೈನಲ್ಲಿ ಅಮೆಜಾನ್ ತನ್ನ ಗಿರಾಕಿಗಳ ಕಿಂಡಲ್ ಓದುಯಂತ್ರಗಳಿಂದ ಒಂದು ಕಾದಂಬರಿಯನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲವಂತೆ. ಯಾವ ಕಾದಂಬರಿ ಗೊತ್ತೇ? ಜಾರ್ಜ್ ಆರ್ವೆಲ್‌ನ '1984'! ಸರ್ಕಾರವೇ ಹಳೆಯ ಬರಹಗಳನ್ನು ಅಳಿಸುವ ಕತೆ! ಇದನ್ನು ಯಾರಾದರೂ ಕಟ್ಟಿ ಹೇಳಿದ್ದರೆ ಅತಿಯಾಯಿತು ಎನ್ನುತ್ತಿದ್ದೆ. ಕೊನೆಗೆ ಕಂಪನಿ ದುಡ್ಡು ವಾಪಸ್ ಕೊಟ್ಟು ಕ್ಷಮೆ ಕೇಳಿತು.

'ಓಪನ್‌ಹೈಮರ್' ನಿರ್ದೇಶಕ ಕ್ರಿಸ್ಟೋಫರ್ ನೋಲನ್ 2023ರಲ್ಲಿ ತಟ್ಟೆಯ ಪರ ನಿಂತದ್ದೂ ಇದೇ ಕಾರಣಕ್ಕೆ. ನಿಮ್ಮ ಕಪಾಟಿನಲ್ಲಿದ್ದರೆ ಯಾವ ಸ್ಟ್ರೀಮಿಂಗ್ ಕಂಪನಿಯೂ ಕಸಿಯಲಾರದು ಎಂದರು. ಆ ಸಿನಿಮಾದ 4ಕೆ ತಟ್ಟೆಗಳು ಮೊದಲ ವಾರವೇ ಅಂಗಡಿಗಳಲ್ಲಿ ಖಾಲಿ! ಅದರಲ್ಲಿ ಚಿತ್ರದ ಹರಿವು ಸೆಕೆಂಡಿಗೆ 128 ಮೆಗಾಬಿಟ್‌ವರೆಗೂ ಹೋಗಬಹುದು. ಸ್ಟ್ರೀಮಿಂಗ್‌ನಲ್ಲಿ 4ಕೆ ನೋಡಲು ನೆಟ್‌ಫ್ಲಿಕ್ಸ್ ಕೇಳುವುದು 15 ಮೆಗಾಬಿಟ್‌ನ ಸಂಪರ್ಕ, ಅಷ್ಟೇ!

ತಟ್ಟೆ ಕೈಯಲ್ಲಿದ್ದರೂ ಓದುವ ಯಂತ್ರ ಇಲ್ಲದಿದ್ದರೆ? ಬಿಬಿಸಿಯವರನ್ನು ಕೇಳಿ! ಇಂಗ್ಲೆಂಡಿನ ರಾಜ 1086ರಲ್ಲಿ ದೇಶದ ಹೊಲಮನೆಗಳ ಲೆಕ್ಕವನ್ನೆಲ್ಲ ಬರೆಸಿದ ಪುಸ್ತಕ 'ಡೂಮ್ಸ್‌ಡೇ ಬುಕ್'. ಅದಕ್ಕೆ 900 ವರ್ಷ ತುಂಬಿದ ನೆಪದಲ್ಲಿ 1986ರಲ್ಲಿ ಬಿಬಿಸಿ ಹೊಸ ಡೂಮ್ಸ್‌ಡೇ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ, ಸಾವಿರಾರು ಶಾಲೆಯ ಮಕ್ಕಳು ತಮ್ಮ ಊರಿನ ಬದುಕನ್ನು ಬರೆದು, ಚಿತ್ರ ತೆಗೆದು ಕಳಿಸಿದರು. ಎಲ್ಲವನ್ನೂ ಎರಡು ಲೇಸರ್‌ಡಿಸ್ಕ್‌ಗೆ ಇಳಿಸಿದರು. ಅದನ್ನು ನೋಡುವ ಯಂತ್ರದ ಬೆಲೆ ಸುಮಾರು 5,000 ಪೌಂಡ್! ಬರೆದ ಮಕ್ಕಳ ಶಾಲೆಗಳಿಗೇ ಕೊಳ್ಳಲಾಗಲಿಲ್ಲ. ಹದಿನಾರೇ ವರ್ಷ. 2002ರ ಹೊತ್ತಿಗೆ ಅಂಥ ಯಂತ್ರ ಹುಡುಕಿದರೂ ಸಿಗದ ಗತಿ. ವಿಶ್ವವಿದ್ಯಾಲಯಗಳ ತಜ್ಞರು ಹೆಣಗಾಡಿ ಅದನ್ನು ಉಳಿಸಿದರು. 1086ರ ಪುಸ್ತಕ? ಕುರಿಚರ್ಮದ ಮೇಲೆ ಶಾಯಿ. ಇವತ್ತಿಗೂ ಓದಬಹುದು!

ತಟ್ಟೆಗಳು ಭೂಮಿ ಬಿಟ್ಟೂ ಹೋಗಿವೆ! 1997ರಲ್ಲಿ ಹಾರಿದ ಕ್ಯಾಸಿನಿ ನೌಕೆಯಲ್ಲಿ ಒಂದು ಡಿವಿಡಿ ಇತ್ತು. ಅದರಲ್ಲಿ 6,16,400 ಜನರ ಸಹಿ. 2017ರಲ್ಲಿ ನೌಕೆ ಶನಿಗ್ರಹದೊಳಗೆ ಧುಮುಕಿ ಉರಿದುಹೋಯಿತು. ಸಹಿಗಳೂ ಶನಿಯ ಪಾಲು! ಮಂಗಳಕ್ಕೆ 2008ರಲ್ಲಿ ಇಳಿದ ಫೀನಿಕ್ಸ್ ಹೊತ್ತೊಯ್ದದ್ದು ಗಾಜಿನದೇ ಪುಟ್ಟ ಡಿವಿಡಿ, ಅದರಲ್ಲಿ ಎರಡೂವರೆ ಲಕ್ಷ ಹೆಸರು. ಅದು ಇನ್ನೂ ಅಲ್ಲೇ ಇದೆ. ಓದಲು ಯಾರಾದರೂ ಪ್ಲೇಯರ್ ಹೊತ್ತೊಯ್ಯಬೇಕು!

2019ರ ಏಪ್ರಿಲ್‌ನಲ್ಲಿ ಇಸ್ರೇಲ್‌ನ ಬೆರೆಶೀಟ್ ನೌಕೆ ಚಂದ್ರನಿಗೆ ಅಪ್ಪಳಿಸಿತು. ಒಳಗೆ ಡಿವಿಡಿ ಗಾತ್ರದ ನಿಕಲ್ ತಟ್ಟೆಯ ಗ್ರಂಥಾಲಯ. ತೆಳ್ಳನೆಯ 25 ಪದರ, ಮೂರು ಕೋಟಿ ಪುಟ! ನೌಕೆ ಚೂರಾದರೂ ತಟ್ಟೆ ಉಳಿದಿರಬೇಕೆಂದು ಕಳಿಸಿದವರ ನಂಬಿಕೆ.

ಲೇಸರ್ ಮುಟ್ಟದ ತಟ್ಟೆಯೊಂದಿದೆ, ಬಿಟ್ಟರೆ ನೀವು ಬಿಟ್ಟೀರಾ! 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಲ್ಲಿರುವ ಚಿನ್ನದ ಲೇಪದ ತಾಮ್ರದ ತಟ್ಟೆ. ಅದರಲ್ಲಿ 55 ಭಾಷೆಗಳ ಶುಭಾಶಯ. ಅವುಗಳಲ್ಲಿ ಕನ್ನಡವೂ ಒಂದು! ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ವಾಯೇಜರ್-1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ. ಅಷ್ಟು ದೂರ ಹೋದ ಕನ್ನಡ ಇನ್ನೊಂದಿಲ್ಲ! ನುಡಿಸಲು ಮುಳ್ಳನ್ನೂ ಜೊತೆಗೇ ಕಳಿಸಿದ್ದಾರೆ, ಬುದ್ಧಿವಂತರು. ಬಿಬಿಸಿಗೆ ಈ ಬುದ್ಧಿ ಹೊಳೆದಿದ್ದರೆ!

ಭೂಮಿಗೆ ಇಳಿಯೋಣ. 2019ರಲ್ಲಿ ಮೈಕ್ರೋಸಾಫ್ಟ್‌ನವರು 1978ರ 'ಸೂಪರ್‌ಮ್ಯಾನ್' ಸಿನಿಮಾವನ್ನು ಏಳೂವರೆ ಸೆಂಟಿಮೀಟರ್ ಚೌಕದ ಗಾಜಿನ ಬಿಲ್ಲೆಯೊಳಗೆ ಲೇಸರ್‌ನಿಂದ ಕೆತ್ತಿಟ್ಟರು. ಆಮೇಲೆ ಅಂಥ ಗಾಜನ್ನು ಕುದಿಸಿದರು. ಒಲೆಯಲ್ಲಿ ಬೇಯಿಸಿದರು. ಮೈಕ್ರೋವೇವ್‌ನಲ್ಲಿಟ್ಟರು. ಉಕ್ಕಿನ ನಾರಿನಲ್ಲಿ ತಿಕ್ಕಿದರು. ನೀರಲ್ಲಿ ಮುಳುಗಿಸಿದರು. ಮಾಹಿತಿ ಜಗ್ಗಲಿಲ್ಲ! ಹತ್ತು ಸಾವಿರ ವರ್ಷ ಬಾಳಬಹುದು ಎನ್ನುತ್ತಾರೆ. ವಿದ್ಯುತ್ತು ಬೇಡ, ಏಸಿ ಬೇಡ, ಕಪಾಟಿನಲ್ಲಿಟ್ಟರೆ ಸಾಕು.

ಹತ್ತು ಸಾವಿರವೇ? ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಪೀಟರ್ ಕಜಾನ್‌ಸ್ಕಿ ನಕ್ಕುಬಿಟ್ಟಾರು! ಅವರ ತಂಡದ ಸ್ಫಟಿಕ ಗಾಜಿನ ತಟ್ಟೆ 190 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ 1,380 ಕೋಟಿ ವರ್ಷ ಉಳಿಯಬಲ್ಲದು ಎಂದು ಲೆಕ್ಕ. ಇಡೀ ವಿಶ್ವದ ವಯಸ್ಸೇ ಅಷ್ಟು! ಒಂದು ತಟ್ಟೆಗೆ 360 ಟಿಬಿ ಹಿಡಿಸಬಹುದಂತೆ. ಗ್ಯಾರಂಟಿ ಕಾರ್ಡ್ ಓದಲು ಯಾರಿರುತ್ತಾರೋ!

ಈಲಾನ್ ಮಸ್ಕ್ 2018ರಲ್ಲಿ ಬಾಹ್ಯಾಕಾಶಕ್ಕೆ ಹಾರಿಸಿದ ಕೆಂಪು ಕಾರಿನಲ್ಲಿ ಇಂಥದೇ ಪುಟ್ಟ ಗಾಜಿದೆ. ಅದರೊಳಗೆ ಐಸಾಕ್ ಅಸಿಮೊವ್‌ನ 'ಫೌಂಡೇಶನ್' ಕಾದಂಬರಿಗಳು! ನಾಗರಿಕತೆ ಕುಸಿಯುವ ಮುನ್ನ ಜ್ಞಾನವನ್ನೆಲ್ಲ ಕೂಡಿಡುವ ಕತೆ ಅದು.

2024ರಲ್ಲಿ ಅದೇ ಸೌತಾಂಪ್ಟನ್ ತಂಡ ಮನುಷ್ಯನ ಇಡೀ ಜೀನೋಮನ್ನು ಗಾಜಿಗಿಳಿಸಿತು. ಅದನ್ನು ಇಟ್ಟಿರುವುದು ಆಸ್ಟ್ರಿಯಾದ ಹಾಲ್‌ಸ್ಟಾಟ್‌ನ ಉಪ್ಪಿನ ಗಣಿಯಲ್ಲಿ! ಓದುವವರು ಮನುಷ್ಯರೇ ಆಗಿರಬೇಕೆಂದಿಲ್ಲವಲ್ಲ? ಅದಕ್ಕೇ ಮೇಲೆ ಗಂಡು, ಹೆಣ್ಣು, ಡಿಎನ್‌ಎಯ ಚಿತ್ರ ಬಿಡಿಸಿ ಸುಳಿವು ಕೊಟ್ಟಿದ್ದಾರೆ.

ಅದೇ ವರ್ಷ ಶಾಂಘೈ ವಿಜ್ಞಾನಿಗಳು ಡಿವಿಡಿಯಷ್ಟೇ ಅಗಲದ ತಟ್ಟೆಯಲ್ಲಿ ನೂರು ಪದರ ಬರೆಯುವ ದಾರಿ ತೋರಿಸಿದರು. ಸುಮಾರು 200 ಟಿಬಿ! ನಲವತ್ತು ಸಾವಿರಕ್ಕೂ ಹೆಚ್ಚು ಡಿವಿಡಿಗಳ ಸರಕು ಒಂದೇ ತಟ್ಟೆಯಲ್ಲಿ! ಅಂಗಡಿಗೆ ಬಂದಿಲ್ಲ, ಓಡಬೇಡಿ.

ಉತ್ತರ ಧ್ರುವದ ಹತ್ತಿರ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಹಳೇ ಕಲ್ಲಿದ್ದಲ ಗಣಿಯೊಂದಿದೆ. ಜಗತ್ತಿನ ಪ್ರೋಗ್ರಾಮರ್‌ಗಳು ಗಿಟ್‌ಹಬ್‌ನಲ್ಲಿ ಬರೆದಿಟ್ಟ 21 ಟಿಬಿ ಕೋಡ್ 2020ರಲ್ಲಿ ಅಲ್ಲಿಗೆ ಹೋಯಿತು. ಯಾವುದರಲ್ಲಿ? ಸಿನಿಮಾ ರೀಲಿನಲ್ಲಿ! 186 ರೀಲು, ಸಾವಿರ ವರ್ಷದ ಭರವಸೆ. ಬೆಂಗಳೂರಿನ ಎಂಜಿನಿಯರ್‌ಗಳ ಕೋಡೂ, ಅದರಲ್ಲಿದ್ದ ತಪ್ಪುಗಳ ಸಮೇತ, ಹೆಪ್ಪುಗಟ್ಟಿದ ಮಣ್ಣಿನಡಿ ಭದ್ರ!

ಎಲ್ಲಕ್ಕಿಂತ ಚಿಕ್ಕ ಕಪಾಟು ಯಾವುದು? ಡಿಎನ್‌ಎ! ಸಿಡಿಯಲ್ಲಿರುವುದು ಸೊನ್ನೆ, ಒಂದು. ಡಿಎನ್‌ಎಯಲ್ಲಿ ನಾಲ್ಕು ರಾಸಾಯನಿಕ ಅಕ್ಷರ. 2017ರಲ್ಲಿ ಯಾನಿವ್ ಅರ್ಲಿಕ್ ಮತ್ತು ಡೀನಾ ಜೀಲಿನ್‌ಸ್ಕಿ ಅದರೊಳಗೆ ಏನೇನು ತುಂಬಿದರು ನೋಡಿ: 1895ರ ರೈಲು ಬರುವ ಫ್ರೆಂಚ್ ಸಿನಿಮಾ, ಒಂದು ಇಡೀ ಆಪರೇಟಿಂಗ್ ಸಿಸ್ಟಂ, ಒಂದು ಕಂಪ್ಯೂಟರ್ ವೈರಸ್, ಜೊತೆಗೆ 50 ಡಾಲರಿನ ಅಮೆಜಾನ್ ಗಿಫ್ಟ್ ಕಾರ್ಡ್! ಎಲ್ಲವನ್ನೂ ತಪ್ಪಿಲ್ಲದೆ ವಾಪಸ್ ಓದಿದರು. ಈ ಲೆಕ್ಕದಲ್ಲಿ ಒಂದು ಗ್ರಾಂ ಡಿಎನ್‌ಎಗೆ 2,15,000 ಟಿಬಿ ಹಿಡಿಸಬಹುದು!

ಖರ್ಚು? ಎರಡು ಎಂಬಿ ಬರೆಯಲು 7,000 ಡಾಲರ್, ಓದಲು ಇನ್ನೂ 2,000!

ಹಾಗಾದರೆ ಈ ಅಂಕಣವನ್ನು ಡಿಎನ್‌ಎಯಲ್ಲಿ ಬರೆಸಿದರೆ ಎಷ್ಟಾದೀತು? ಲೆಕ್ಕ ಹಾಕಿಯೇಬಿಟ್ಟೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಕಂಪ್ಯೂಟರ್ ಒಂದು ಬೈಟ್ ತೆಗೆದುಕೊಂಡರೆ, ಯುಟಿಎಫ್-8 ಪದ್ಧತಿಯಲ್ಲಿ ನಮ್ಮ 'ಕ'ಕ್ಕೆ ಮೂರು ಬೈಟ್. 'ಕ್ಷ' ಬರೆದಿರೋ, ಒಂಬತ್ತು! ಆ ದರದಲ್ಲಿ ಈ ಪುಟಕ್ಕೆ ಬರೆಯುವ ಕೂಲಿಯೇ ಸುಮಾರು ಇನ್ನೂರು ಡಾಲರ್. ಸಂಪಾದಕರು ನನಗೆ ಕೊಡುವುದಕ್ಕಿಂತ ಜಾಸ್ತಿ!